ಶಂಕರಿ ನುಂಗಿದ ಮಾತ್ರೆಗಳು

ಶಂಕರಿಯ ಮುಟ್ಟು ನಿಂತು ವರ್ಷ ತುಂಬಿತೆಂಬ ಸುದ್ದಿ ತಿರುವನಂತಪುರದಿಂದ ಕೊಚ್ಚಿಗೆ ಮುಟ್ಟಿದ ದಿನ ವಾರಗಿತ್ತಿ ನಿರ್ಮಲ ಫೋನು ಮಾಡಿ, ಮೊಮ್ಮಗು ಹುಟ್ಟಿದ ಮನೆಗೆ ಹೇಳುವ ಹಾಗೆ ಸಂತೋಷ ಹೇಳಿದಳು.

"ಗೆದ್ದೆ ಮಾರಾಯ್ತಿ! ಇನ್ನು ಲೆಕ್ಕ ಇಲ್ಲ, ಗಿಕ್ಕ ಇಲ್ಲ. ಈ ಸಲ ಅತ್ತೆಯ ತಿಥಿಗೆ ಅಡಿಗೆ ನಿಂದೇ. ನನ್ನ ಮೊಣಕಾಲು ನಿಲ್ಲುದಿಲ್ಲ. ನೀನಿದ್ದಿ ಅಂತ ಒಂದು ಧೈರ್ಯ."

ಗೆದ್ದವಳು ಆ ಹೊತ್ತಿಗೆ ತಿರುವನಂತಪುರದ ಪಟ್ಟಂ ಬಡಾವಣೆಯ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ, ತೆರೆದ ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಕುತ್ತಿಗೆಯಿಂದ ಇಳಿದ ಬೆವರು ರವಿಕೆಯೊಳಗೆ ಹುಳ ಹರಿದ ಹಾಗೆ ಹರಿಯುತ್ತಿತ್ತು. ತನ್ನ ಮೈಯ ವಾಸನೆ ತನಗೇ ಹೇಸಿಗೆ. "ಆಯ್ತಕ್ಕ" ಎಂದು ಫೋನು ಇಟ್ಟಳು.

ಶಂಕರಿ ಕಾಸರಗೋಡು ಕಡೆಯ ಹೆಣ್ಣು. ಸರ್ಕಾರದ ಆದೇಶಗಳನ್ನು ಮಲಯಾಳದಿಂದ ಕನ್ನಡಕ್ಕೆ ತರುವ ಕೆಲಸ ಅವಳದು. ಗಂಡ ತಿರುಮಲೇಶ್ವರನೂ ಸರ್ಕಾರಿ ನೌಕರ, ಕಾನೂನು ಓದಿದವನು. ಓದಿದ ಮನೆ ಎಂದಮೇಲೆ ಆಚಾರ ಸಡಿಲವಾಗಿರಬಹುದು ಎಂದುಕೊಂಡರೆ ತಪ್ಪು. ಊರ ಮನೆಯಲ್ಲಾದರೆ ಮುಟ್ಟಾದವಳಿಗೆ ಹೊರಗೆ ಕೂರಲು ಒಂದು ಮೂಲೆಯಾದರೂ ಇತ್ತು. ಪಟ್ಟಣದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹೊರಗೆ ಎಂದರೆ ಲಿಫ್ಟಿನ ಬಾಗಿಲು. ಆಚಾರ ಬಿಡಲೊಲ್ಲರು, ಕೂರಿಸಲು ಜಾಗವಿಲ್ಲ. ಹೀಗಿರುವಾಗ ಈ ಕುಟುಂಬ ಕಂಡುಕೊಂಡ ಉಪಾಯವೇ ಮುಟ್ಟನ್ನು ಮುಂದೂಡುವ ಮಾತ್ರೆ. ತಿಥಿಯೆಂದರೆ ಮಾತ್ರೆ, ಉಪನಯನವೆಂದರೆ ಮಾತ್ರೆ, ಗಂಡ ಮಾಲೆ ಹಾಕಿ ವ್ರತ ಹಿಡಿದರೆ ಹೆಂಡತಿಗೆ ಮಾತ್ರೆ. ನಿರ್ಮಲಳ ದೇವರಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರ ತುಂಬ ಇದೇ ಸರಕು. ಡಾಕ್ಟರನ್ನು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಕರ್ಪೂರ ಕೊಳ್ಳಲು ಡಾಕ್ಟರನ್ನು ಕೇಳುತ್ತಾರೆಯೇ? ಮದುವೆಯಾಗಿ ಬಂದಂದಿನಿಂದ ಶಂಕರಿ ಕೊಟ್ಟಾಗಲೆಲ್ಲ ನುಂಗಿದಳು. ನಡುವೆ ಒಮ್ಮೆ ಎಡಗಾಲು ಬಾಳೆದಿಂಡಿನ ಹಾಗೆ ಬಾತು, ರಕ್ತ ಹೆಪ್ಪುಗಟ್ಟಿದೆಯೆಂದು ಆಸ್ಪತ್ರೆಯಲ್ಲಿ ಮಲಗಿ ಬಂದಳು. ಅದಕ್ಕೂ ಇದಕ್ಕೂ ಯಾರೂ ಗಂಟು ಹಾಕಲಿಲ್ಲ.

ಈಗ ಎಂಟು ತಿಂಗಳಿಂದ ಅವಳ ಪಾಡು ನಾಯಿಪಾಡು. ಆಫೀಸಿನ ಬಸ್ಸು ಹತ್ತಿದರೆ ಎದೆ ಕುಟ್ಟಾಣಿಯಲ್ಲಿ ವೀಳ್ಯ ಕುಟ್ಟಿದ ಹಾಗೆ ಕುಟ್ಟುತ್ತದೆ. ಬೆಂಡೆಕಾಯಿ ಕಾಲು ಕಿಲೋವೋ ಅರ್ಧವೋ ತೀರ್ಮಾನಿಸಲಾಗದೆ ಅಂಗಡಿಯಲ್ಲಿ ಚೀಲ ಬಿಟ್ಟು ಓಡಿ ಬಂದದ್ದೂ ಉಂಟು. ಗಂಡ ಬೆಳಿಗ್ಗೆ ಗಂಟಲು ತೊಳೆಯುವ ಸದ್ದು ಕೇಳಿದರೆ ಕರುಳು ಬಾಯಿಗೆ ಬರುತ್ತದೆ. ಕೊಬ್ಬರಿ ಎಣ್ಣೆಯ ವಾಸನೆ ಹೇಸಿಗೆ, ಪಕ್ಕದ ಮನೆಯ ಮೀನಿನ ವಾಸನೆ ಹೇಸಿಗೆ, ಕನ್ನಡಿಯಲ್ಲಿ ಕಾಣುವ ಮುಖ ಎಲ್ಲಕ್ಕಿಂತ ಹೇಸಿಗೆ. ಇನ್ನೊಂದು ಸಂಗತಿ ಅವಳು ಯಾರಿಗೂ ಹೇಳಿರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದನ್ನು ಬಿಟ್ಟಿದ್ದಳು. ಕಂಬಿಗೆ ಕೈ ಇಟ್ಟರೆ ಕೆಳಗಿನ ಸಿಮೆಂಟು ನೆಲ ಹತ್ತಿರ ಬಾ ಎಂದು ಕರೆದ ಹಾಗಾಗುತ್ತಿತ್ತು. "ಸೊಂಟ ನೋವು" ಎಂದಳು. ತಿರುಮಲೇಶ್ವರ ಗೊಣಗುತ್ತ ತಾನೇ ಒಣಹಾಕತೊಡಗಿದ.

ಕೊನೆಗೆ ಒಂದು ದಿನ ಆಫೀಸಿಗೆ ರಜೆ ಹೇಳಿ, ಒಬ್ಬಳೇ ಆಟೋ ಹತ್ತಿ ಉಳ್ಳೂರಿನ ಡಾಕ್ಟರ್ ಮೇರಿಯ ಹತ್ತಿರ ಹೋದಳು. ಮನಸ್ಸಿನ ಕಾಯಿಲೆಯ ಡಾಕ್ಟರು. ಕಾಯುವವರ ನಡುವೆ ಗುರುತಿನ ಮುಖ ಇರಬಹುದೆಂದು ಸೆರಗು ತಲೆಗೆ ಎಳೆದುಕೊಂಡು ಕೂತಳು. ಕಳ್ಳಿಯ ಹಾಗೆ ಕೂತಿದ್ದೇನಲ್ಲ ಎಂದು ಅದಕ್ಕೂ ಹೇಸಿದಳು.

ಡಾಕ್ಟರ್ ಮೇರಿ ಅವಸರ ಮಾಡಲಿಲ್ಲ. ಎಲ್ಲ ಕೇಳಿದ ಮೇಲೆ, ಅಕ್ಕ ಎಂದು ಕರೆದು ಮಲಯಾಳದಲ್ಲಿ ಹೇಳಿದಳು:

"ಚೇಚಿ, ಮುಟ್ಟು ನಿಲ್ಲುವ ಕಾಲದಲ್ಲಿ ಎಲ್ಲರಿಗೂ ಮನಸ್ಸಿನ ಮಾತ್ರೆ ಬೇಕಾಗುವುದಿಲ್ಲ. ಬೆವರು, ಸಿಡುಕು ಮಾತ್ರ ಆಗಿದ್ದರೆ ಹಾರ್ಮೋನಿನ ಯೋಚನೆ ಮಾಡಬಹುದಿತ್ತು. ನಿಮ್ಮ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು ಅಂದಿರಿ, ಅದಕ್ಕೇ ನನಗೆ ಆ ದಾರಿ ಹಿಡಿಯಲು ಹೆದರಿಕೆ. ಮೊದಲು ಹಾರ್ಮೋನಿನ ಮಾತ್ರೆ ಏನಾದರೂ ತಿಂದಿದ್ದೀರಾ?"

ಶಂಕರಿ ಬಿಸ್ಕತ್ತಿನ ಡಬ್ಬಿಯ ಕತೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಅದರಿಂದಲೇ ಕಾಲು ಬಾತಿತು ಅಂತ ಹೇಳಲಾರೆ. ಅಲ್ಲವೇ ಅಲ್ಲ ಅಂತಲೂ ಹೇಳಲಾರೆ."

ಆಮೇಲೆ ಮನಸ್ಸಿಗೆ ಕೊಡುವ ಬೇರೆ ಮಾತ್ರೆಯ ವಿಷಯ ಬಿಡಿಸಿ ಹೇಳಿದಳು. ದಿನಕ್ಕೊಂದು, ಬೆಳಿಗ್ಗೆ ತಿಂಡಿ ತಿಂದ ಮೇಲೆ. ಮೊದಲು ಕೆಲವು ದಿನ ಹೊಟ್ಟೆ ತೊಳಸಬಹುದು. ಗುಣ ಕಾಣಲು ತಿಂಗಳಾದರೂ ಬೇಕು. ಮನಸ್ಸಿಗೆ ಬಂದ ಹಾಗೆ ನಿಲ್ಲಿಸುವಂತಿಲ್ಲ. ಜೊತೆಗೆ ಬಂದು ಕೂತು ಮಾತಾಡಬೇಕು. "ತೀರ್ಮಾನ ನಿಮ್ಮದೇ. ಆದರೆ ಬಾಲ್ಕನಿಯ ಮಾತು ಹೇಳಿದಿರಲ್ಲ, ಅದಕ್ಕಾಗಿ ಹೇಳುತ್ತೇನೆ, ಬಹಳ ಕಾಯಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಅದನ್ನು ಹೇಳಿ."

ಮಾತ್ರೆಯ ಪಟ್ಟಿ ಕೊಂಡು ತಂದಳು, ನುಂಗಲಿಲ್ಲ. ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು. ಅವಳಿಗೂ ಹೆದರಿಕೆ ಇತ್ತು. ಚಿಕ್ಕಂದಿನಲ್ಲಿ ತವರಿನಲ್ಲಿ ಮನಸ್ಸು ಕೆಟ್ಟ ಚಿಕ್ಕಮ್ಮನೊಬ್ಬಳನ್ನು ಕಂಡಿದ್ದಳು. ಎಲ್ಲಿಗೋ ಕರೆದುಕೊಂಡು ಹೋಗಿ ಮದ್ದು ಮಾಡಿಸಿ ತಂದಮೇಲೆ ಆಕೆ ಜಗಲಿಯಲ್ಲಿ ಒನಕೆಯ ಹಾಗೆ ಕೂತಿರುತ್ತಿದ್ದಳು, ಬಾಯಿಯಿಂದ ಜೊಲ್ಲು. ಮದ್ದು ಹಾಗೆ ಮಾಡಿತೋ ಕಾಯಿಲೆಯೋ ಯಾರಿಗೆ ಗೊತ್ತು? ಮಗುವಿಗೆ ಕಂಡದ್ದು ಜೊಲ್ಲು ಮಾತ್ರ. ನುಂಗದಿದ್ದರೆ ಹೀಗೆ ಸಾಯಬೇಕು, ನುಂಗಿದರೆ ಹಾಗೆ ಬದುಕಬೇಕು. ಪಟ್ಟಿಯನ್ನು ತೆಗೆಯುವಳು, ಇಡುವಳು.

ಸಾಸಿವೆ ಹುಡುಕಲು ಹೋದ ತಿರುಮಲೇಶ್ವರನ ಕೈಗೆ ಅದು ಸಿಕ್ಕಿತು.

"ಇದೆಂತದು? ತಲೆಗೆ ಹೋಗುವ ಮದ್ದಲ್ವಾ ಇದು? ಒಮ್ಮೆ ಹಿಡಿದರೆ ಬಿಡುದಿಲ್ಲ ಮಾರಾಯ್ತಿ. ಸೈಡ್ ಎಫೆಕ್ಟು ಎಷ್ಟು ಉಂಟು ಗೊತ್ತುಂಟಾ?"

"ಡಾಕ್ಟರು ಹೇಳಿದ್ದಾರೆ, ಏನೇನಾಗ್ತದೆ ಅಂತ."

"ಅವರು ಹೇಳ್ತಾರೆ, ಅವರಿಗೆಂತ? ನಾಳೆ ಮಗಳ ಮದುವೆ ಮಾತು ಬಂದಾಗ ತಾಯಿ ಹುಚ್ಚಿನ ಮದ್ದು ತಿನ್ನುತ್ತಾಳೆ ಅಂದರೆ?"

ಕೆಟ್ಟವನಲ್ಲ ತಿರುಮಲೇಶ್ವರ. ಪುಕ್ಕಲ. ಸಂಜೆ ಒಂದು ದೊಡ್ಡ ಬಾಟ್ಲಿ ಆಯುರ್ವೇದದ ಅರಿಷ್ಟ ತಂದು, ತಾನೇ ಚಮಚದಲ್ಲಿ ಸುರಿದು ಕೊಟ್ಟ. ಹುಳಿತ ಬೆಲ್ಲಕ್ಕೆ ಸಗಣಿ ಕದಡಿದ ಹಾಗಿತ್ತು. ಅವನ ಎದುರೇ ಸಿಂಕಿಗೆ ಕಕ್ಕಿದಳು.

ಅಷ್ಟರಲ್ಲಿ ಅತ್ತೆಯ ತಿಥಿ ಬಂತು. ಹಿಂದಿನ ದಿನ ಗಂಡಹೆಂಡಿರು ರೈಲು ಹತ್ತಿ ಕೊಚ್ಚಿಗೆ ಹೋಗಿ, ದೋಣಿಯಲ್ಲಿ ಹಿನ್ನೀರು ದಾಟಿ ಮಟ್ಟಾಂಚೇರಿ ಸೇರಿದರು. ನಿರ್ಮಲಳ ಗಂಡ, ಭಾವ ಯಜ್ಞನಾರಾಯಣ ಹೈಕೋರ್ಟಿನ ವಕೀಲ. ಮನೆ ಮಾತ್ರ ಹಳೆಯ ಸಾಂಬಾರ ಗೋದಾಮುಗಳ ಸಾಲಿನಲ್ಲಿ. ಒಣಶುಂಠಿ, ಮೆಣಸು, ಚರಂಡಿ, ಎಲ್ಲ ಒಂದೇ ಗಾಳಿಯಲ್ಲಿ ಶಂಕರಿಯ ಮೂಗಿಗೆ ನುಗ್ಗಿತು. ಮಾತ್ರೆಯ ಪಟ್ಟಿ ಅವಳ ಕೈಚೀಲದಲ್ಲಿತ್ತು. ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ.

ಕಾಫಿಗೆ ಕೂತಾಗ ನಿರ್ಮಲ ತನ್ನ ಔಷಧಿಯ ಪೆಟ್ಟಿಗೆ ಮೇಜಿನ ಮೇಲೆ ಹರವಿಕೊಂಡಳು. ಬೀಪಿಗೊಂದು, ಸಕ್ಕರೆಗೊಂದು, ಥೈರಾಯಿಡಿಗೊಂದು, ಗ್ಯಾಸಿಗೊಂದು. ಬಾಯಿಗೆ ಒಂದೊಂದೇ ಎಸೆದುಕೊಳ್ಳುತ್ತ ಶುರು ಮಾಡಿದಳು.

"ತಿರುಮಲ ಹೇಳಿದ. ಎಂತದೋ ಹುಚ್ಚಿನ ಮದ್ದು ತಂದಿದ್ದಿಯಂತೆ?"

ಶಂಕರಿ ಗಂಡನ ಕಡೆ ನೋಡಿದಳು. ಅವನು ಕಾಫಿಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿದ.

"ಮಾತ್ರೆ ಗೀತ್ರೆ ಮೈಗೆ ಒಳ್ಳೆದಲ್ಲ ಶಂಕರಿ," ಎಂದಳು ನಿರ್ಮಲ, ನಾಲ್ಕನೆಯದನ್ನು ನುಂಗಿ ನೀರು ಕುಡಿದು. "ಈ ಪ್ರಾಯದಲ್ಲಿ ಯಾರಿಗೆ ಬೇಜಾರಾಗುದಿಲ್ಲ? ನಾವೆಲ್ಲ ಹಾಡು ಹೇಳಿಕೊಂಡು ಕಳೆದೆವು. ಕೆಲಸ ಕಮ್ಮಿಯಾದರೆ ಮನಸ್ಸು ಹಾಗೆ."

"ಅತ್ತಿಗೆ ಹೇಳುದು ಸರಿ," ಎಂದ ತಿರುಮಲೇಶ್ವರ ಲೋಟದೊಳಗಿನಿಂದಲೇ.

ಕಂಬಳಿಯಲ್ಲಿ ಉಣ್ಣುತ್ತ ಕೂದಲು ಆರಿಸುವವರ ಮಾತಿಗೆ ಶಂಕರಿ ತಲೆಯಾಡಿಸಿದಳು. "ಬೇಡದಿದ್ದರೆ ಬೇಡ ಅಕ್ಕ. ನಾಳೆ ಎಸೆಯುತ್ತೇನೆ," ಎಂದಳು. ಹೇಳಿದ ಮೇಲೆ ಹಗುರವೂ ಆಯಿತು. ತಾನು ಯೋಚಿಸಬೇಕಾದ್ದನ್ನು ಬೇರೆಯವರ ಬಾಯಿಗೆ ಬಿಟ್ಟರೆ ಬರುವ ಹಗುರ ಅದು. ಉಗುಳು ನುಂಗಿದ ಹಾಗೆ ಆ ಹಗುರವನ್ನು ನುಂಗಿ ಮಲಗಿದಳು.

ಬೆಳಗಾಯಿತು. ತಣ್ಣೀರು ಮಿಂದು, ಒದ್ದೆ ಸೀರೆ ಹಿಂಡಿ ಉಟ್ಟು, ಶಂಕರಿ ಒಲೆಯ ಮುಂದೆ ನಿಂತಳು. ತಿಥಿಯ ಅಡಿಗೆ ಮಾಡುವವಳು ಭಟ್ಟರ ಊಟ ಮುಗಿಯುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ. ವಡೆಗೆ ಉದ್ದು ನೆನೆದಿತ್ತು. ಸುಟ್ಟವೆಂಬ ಕರಿದ ಸಿಹಿಗೆ ಬೆಲ್ಲ ಕರಗುತ್ತಿತ್ತು. ಒದ್ದೆ ಸೀರೆಯೊಳಗೆ ಮೈ ಬೇಯತೊಡಗಿತು. ಎದೆಯ ಕುಟ್ಟಾಣಿ ಶುರುವಾಯಿತು. ಇವತ್ತೊಂದು ದಿನ, ಇವತ್ತೊಂದು ದಿನ ಎಂದು ಸೌಟು ಹಿಡಿದಳು.

ಆಗ ಮಗಳು ಅಶ್ವಿತಾ ಬಂದಳು. ಕೊಚ್ಚಿಯದೇ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಕೆಲಸ, ಗೆಳತಿಯರ ಜೊತೆ ವಾಸ. ಅಡಿಗೆಮನೆಯ ಹೊಸ್ತಿಲ ಆಚೆ ನಿಂತೇ "ಹಾಯ್ ಅಮ್ಮ" ಎಂದಳು. ನಿರ್ಮಲ ದೇವರಗೂಡಿನ ಹತ್ತಿರ ಹೋಗಿ ಬಿಸ್ಕತ್ತಿನ ಡಬ್ಬಿ ತೆರೆದು, ಒಂದು ಬಿಳಿ ಮಾತ್ರೆಯನ್ನೂ ನೀರನ್ನೂ ಹುಡುಗಿಯ ಕೈಗೆ ಕೊಟ್ಟಳು.

"ನಿನ್ನೇದು ನುಂಗಿದಿಯಲ್ಲ? ಇವತ್ತು ಸಂಜೆ ತನಕ ತಡೆದರೆ ಸಾಕು. ಆಮೇಲೆ ಬಿಡು."

"ಏನದು?" ಎಂದಳು ಶಂಕರಿ. ಏನೆಂದು ಗೊತ್ತಿತ್ತು.

"ಕುಳಪ್ಪಮಿಲ್ಲ ಅಮ್ಮ," ಎಂದಳು ಅಶ್ವಿತಾ, ಏನೂ ಆಗುವುದಿಲ್ಲ ಎಂಬ ಹಾಗೆ ಕೈ ಆಡಿಸಿ. "ಡೇಟ್ ಇವತ್ತೇ ಇತ್ತು. ದೊಡ್ಡಮ್ಮ ಪ್ರತಿ ಸಲ ಕೊಡ್ತಾರೆ. ಜಸ್ಟ್ ಒನ್ ಟ್ಯಾಬ್ಲೆಟ್."

ಪ್ರತಿ ಸಲ! ಶಂಕರಿಯ ಕೈಯ ಸೌಟು ಬೆಲ್ಲದ ಪಾಕಕ್ಕೆ ಬಿತ್ತು. ಮೂಗಿನಲ್ಲಿ ಕುಂಕುಮ, ಕರ್ಪೂರ, ಮಾತ್ರೆಯ ಹುಡಿ, ಬಾತ ಕಾಲಿಗೆ ಹಚ್ಚಿದ ಆಸ್ಪತ್ರೆಯ ಮುಲಾಮು, ಎಲ್ಲ ಒಟ್ಟಿಗೆ ನಾರಿತು. ತನ್ನನ್ನು ತಿಂದದ್ದು ಸಾಲದೆ ಡಬ್ಬಿ ಮಗಳ ಕಡೆಗೂ ಬಾಯಿ ತೆರೆದಿತ್ತು. ಅತ್ತೆ ಒಡೆದರೆ ಹಳೆ ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ. ಅವರಿಗೆ ಬೇಕಾದಾಗ ಮಾತ್ರೆ ಪ್ರಸಾದ. ತನಗೆ ಬೇಕಾದಾಗ ವಿಷ.

"ನುಂಗಬೇಡ. ಕೆಳಗಿಡು."

"ಶುಭವೋ ಅಶುಭವೋ ದಿನ ನೋಡಿ ಮಾತಾಡು ಶಂಕರಿ," ಎಂದಳು ನಿರ್ಮಲ.

"ಇಪ್ಪತ್ತೈದು ವರ್ಷ ನನಗೆ ಕೊಡುವಾಗ ಸೈಡ್ ಎಫೆಕ್ಟು ಯಾರಾದರೂ ಕೇಳಿದಿರಾ? ನನ್ನ ಕಾಲು ಬಾತಾಗ ಕೇಳಿದಿರಾ? ನಿಮ್ಮ ವಡೆ ಹಳಸದ ಹಾಗೆ ನನ್ನ ಮೈಯನ್ನು ಮುಂದೂಡಿದಿರಿ. ಥೂ!"

ಸದ್ದು ಕೇಳಿ ತಿರುಮಲೇಶ್ವರ ಪಂಚೆಯ ಚುಂಗು ಹಿಡಿದುಕೊಂಡು ಓಡಿ ಬಂದ. ಅವನ ಎದುರೇ ಶಂಕರಿ ಒದ್ದೆ ಸೀರೆಯಲ್ಲಿ ಸೀದಾ ಫ್ರಿಜ್ಜಿಗೆ ನಡೆದು, ನಿನ್ನೆಯ ತಂಗಳು ಇಡ್ಲಿ ತೆಗೆದು, ನಿಂತಲ್ಲೇ ಬಾಯಿಗೆ ತುರುಕಿಕೊಂಡಳು. ಮಡಿಯುಟ್ಟ ಹೆಂಗಸು, ತಿಥಿಯ ದಿನ, ತಂಗಳು!

"ಅಯ್ಯೋ ಕೊಂದಳಪ್ಪಾ! ಭಟ್ಟರು ಬರುವ ಹೊತ್ತಾಯ್ತು, ಅಡಿಗೆ ಯಾರು ಮಾಡುದು?" ನಿರ್ಮಲ ತಲೆಗೆ ಕೈ ಹೊತ್ತಳು.

ಗಂಟಲಿಗೆ ಸಿಕ್ಕಿದ ತಣ್ಣನೆ ಇಡ್ಲಿ ಸುಣ್ಣದ ಮುದ್ದೆಯ ಹಾಗಿತ್ತು. ಕಷ್ಟಪಟ್ಟು ಇಳಿಸಿದಳು. ಕೈಚೀಲದಿಂದ ಪಟ್ಟಿ ತೆಗೆದು ಒಂದು ಮಾತ್ರೆ ಒತ್ತಿದಳು.

"ಶಂಕರೀ, ಒಂದು ನಿಮಿಷ ಯೋಚನೆ ಮಾಡು," ಎಂದ ಗಂಡ.

"ಎಂಟು ತಿಂಗಳಿಂದ ಮಾಡಿದೆ. ನೀವು ಒಂದು ಯೋಚನೆ ಮಾಡಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದನ್ನು ನಾನು ಯಾಕೆ ಬಿಟ್ಟೆ?"

"ಸೊಂಟ..." ಎಂದವನು ಅಲ್ಲಿಗೇ ನಿಂತ. ಅವಳ ಮುಖ ನೋಡಿದ. ಏಳು ಮಹಡಿಯ ಕೆಳಗಿನ ನೆಲ ಅವನ ಕಣ್ಣಿಗೂ ಆಗ ಕಂಡಿರಬೇಕು. ಆಮೇಲೆ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಕೊಟ್ಟ. ಅರ್ಧ ನೀರು ನೆಲಕ್ಕೇ ಚೆಲ್ಲಿತು. ಉಳಿದ ಅರ್ಧದಲ್ಲಿ ಅವಳು ಮಾತ್ರೆ ನುಂಗಿದಳು.

ಅಶ್ವಿತಾ ತನ್ನ ಕೈಯ ಬಿಳಿ ಮಾತ್ರೆಯನ್ನು ಒಮ್ಮೆ ನೋಡಿ, ಡಬ್ಬಿಯ ಮುಚ್ಚಳದ ಮೇಲಿಟ್ಟು, ತಾಯಿಯ ಭುಜಕ್ಕೆ ಒಣ ಟವೆಲು ಹೊದೆಸಿದಳು. ಹೊಸ್ತಿಲು ದಾಟಿ ಒಳಗೆ ಬಂದೇ ಹೊದೆಸಿದಳು.

ತಿಥಿ ನಿಂತಿತೇ? ಎಲ್ಲಿಯ ಮಾತು! ಯಜ್ಞನಾರಾಯಣ ಒಂದು ಫೋನು ತಿರುಗಿಸಿದ, ಅಡಿಗೆಯವನು ಸ್ಕೂಟರಿನಲ್ಲಿ ಬಂದ. ಭಟ್ಟರು ವಡೆಯ ಮೇಲೆ ವಡೆ ಹಾಕಿಸಿಕೊಂಡು ಉಂಡು, ಪಿತೃಗಳಿಗೆ ಕೇಳುವಂತೆ ತೇಗಿದರು. ಇಷ್ಟು ಸುಲಭದಲ್ಲಿ ಆಗುವ ಕೆಲಸಕ್ಕೆ ಒಂದು ಹೆಣ್ಣಿನ ಮೈಯನ್ನು ಇಷ್ಟು ವರ್ಷ ಅಡವಿಟ್ಟರಲ್ಲ! ಹೊರಕೋಣೆಯ ಮಂಚದಲ್ಲಿ ಮಲಗಿ ಆ ತೇಗನ್ನು ಕೇಳಿದ ಶಂಕರಿಗೆ ಅಸಹ್ಯ ಉಕ್ಕಿ ಬಂತು.

ಡಾಕ್ಟರು ಹೇಳಿದ ಹೊಟ್ಟೆ ತೊಳಸುವಿಕೆ ಸುಳ್ಳಾಗಲಿಲ್ಲ. ವಾರದಷ್ಟು ದಿನ ಬಸಿರಿಯ ಹಾಗೆ ವಾಕರಿಸಿದಳು. ಆಫೀಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತಳು. ಬಿಟ್ಟುಬಿಡೋಣವೆಂದು ದಿನಕ್ಕೆರಡು ಸಲ ಅನ್ನಿಸಿತು. ತಿರುಮಲೇಶ್ವರ ತಾನೇ ತಿಂಡಿ ಮಾಡಿ ಇಡುತ್ತಿದ್ದ, ಉಪ್ಪಿಲ್ಲದ ಉಪ್ಪಿಟ್ಟು. ಉಳ್ಳೂರಿಗೆ ಹೋಗುವ ದಿನ ಜೊತೆಗೆ ಬಂದು, ಹೊರಗಿನ ಬೆಂಚಿನಲ್ಲಿ ಪೇಪರು ಅಡ್ಡ ಹಿಡಿದು ಕೂರುತ್ತಿದ್ದ. ಗುರುತಿನವರು ಕಂಡಾರೆಂಬ ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ, ಆದರೂ ಕೂರುತ್ತಿದ್ದ. ನಿರ್ಮಲ ಫೋನು ಮಾಡುವುದನ್ನು ನಿಲ್ಲಿಸಿದಳು. ಮಾತ್ರೆಗಿಂತ ಮೊದಲು ಗುಣ ಕೊಟ್ಟದ್ದು ಅದೇ.

ಚಿಕ್ಕಮ್ಮನ ಜೊಲ್ಲು ಬರಲಿಲ್ಲ. ನಗುವೂ ಓಡಿ ಬರಲಿಲ್ಲ. ಎದೆಯ ಕುಟ್ಟಾಣಿ ದೂರದ ಮನೆಯಲ್ಲಿ ಕುಟ್ಟಿದ ಹಾಗೆ ಕೇಳತೊಡಗಿತು, ಅಷ್ಟೆ. ಬೆವರು ಇನ್ನೂ ಹರಿಯುತ್ತದೆ. ಗಂಡ ಗಂಟಲು ತೊಳೆಯುವ ಸದ್ದು ಇಂದಿಗೂ ಹೇಸಿಗೆಯೇ. ಅದಕ್ಕೆ ಯಾವ ಡಾಕ್ಟರೂ ಮದ್ದು ಬರೆಯಲಾರರು.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ತಿರುಮಲೇಶ್ವರ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಬಾಲ್ಕನಿಗೆ ಹೊರಟ. ಅವನು ಒಣಹಾಕಿದ ಬಟ್ಟೆ ಯಾವಾಗಲೂ ಹಿಂಡದೆ, ಮುದ್ದೆಯಾಗಿ, ಮುಗ್ಗಲು ನಾರುತ್ತಿತ್ತು.

"ಇಲ್ಲಿ ಕೊಡಿ ಅದನ್ನು," ಎಂದಳು ಶಂಕರಿ. "ನಿಮ್ಮ ಹಿಂಡುವಿಕೆ ನೋಡಿದರೆ ವಾಂತಿ ಬರ್ತದೆ."

"ಹಾಕ್ತೀಯಾ?" ಎಂದ ಅವನು. ಬಾಗಿಲಲ್ಲೇ ನಿಂತ.

ಅವಳು ಹೊರಗೆ ಹೋಗಿ, ಕಂಬಿಗೆ ಹೊಟ್ಟೆ ಒತ್ತಿ ನಿಂತು, ಸೀರೆಯನ್ನು ಕೊಡವಿ ಹರಡಿದಳು. ಕೆಳಗೆ ನೋಡಿದಳು. ಸಿಮೆಂಟು ನೆಲದ ಮೇಲೆ ಯಾರೋ ಸ್ಕೂಟರು ತೊಳೆದು ಕೊಳಕು ನೀರು ಹರಿಯಬಿಟ್ಟಿದ್ದರು.

"ಥೂ, ಏನು ಗಲೀಜು!" ಎಂದು ಮುಂದಿನ ಬಟ್ಟೆಗೆಂದು ಬಕೆಟ್ಟಿಗೆ ಕೈ ಹಾಕಿದಳು.