ಮಿರ್ಚಿ ಅಂಗಡಿಯಣ್ಣನ ಲಿವರ್

ಮೊನ್ನೆ ಹಂಪಿಯಿಂದ ಹಿಂದಿರುಗುವಾಗ ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿಕೊಂಡೆ. ಹಿಟ್ಟಿನೊಳಗಿನ ಅಜವಾನದ ವಾಸನೆ ಸರಿಯಾಗಿಯೇ ಇತ್ತು. ಕಚ್ಚಿದೆ. ಉಪ್ಪಿರಲಿಲ್ಲ. ಒಂದು ಸಪ್ಪೆ ಮಿರ್ಚಿ ನನ್ನನ್ನು ಕಂಪ್ಲಿಗೆ, ಅಲ್ಲಿನ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದ ದಿನಗಳಿಗೆ ಎಳೆದುಕೊಂಡು ಹೋಯಿತು...

ಹೊಳೆಯ ಸೇತುವೆಗೆ ಹೋಗುವ ರಸ್ತೆಯಲ್ಲಿ, ನಮ್ಮ ಮನೆಗೆ ನಾಲ್ಕು ಹೆಜ್ಜೆಯ ದೂರದಲ್ಲಿ ಮಿರ್ಚಿ ಅಂಗಡಿಯಣ್ಣನ ಬಾಣಲೆ ಇತ್ತು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಜಾಲರಿ ಸೌಟು. ಅವರದೊಂದು ವ್ರತವಿತ್ತು. ಎಣ್ಣೆಯಿಂದ ಪ್ರತಿ ಸಲ ತೆಗೆದ ಮಿರ್ಚಿಗಳಲ್ಲಿ ಮೊದಲನೆಯದನ್ನು ಮುರಿದು ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗಿರಾಕಿಯ ನಾಲಿಗೆಗಿಂತ ಮೊದಲು ಅಂಗಡಿಯವನ ನಾಲಿಗೆ ಸುಡಬೇಕು ಎಂಬುದು ಅವರ ಸಿದ್ಧಾಂತ.

ಒಂದು ವರ್ಷ ಅವರ ಕಾಲು ಬಾತುಕೊಂಡಿತು, ಆಮೇಲೆ ಹೊಟ್ಟೆ. ಬಳ್ಳಾರಿಯ ಡಾಕ್ಟರು ಲಿವರ್ ಗಟ್ಟಿಯಾಗಿದೆ ಎಂದರು. ನಮ್ಮೂರಿನ ವೈದ್ಯಶಾಸ್ತ್ರದಲ್ಲಿ ಲಿವರಿಗೆ ಇದ್ದದ್ದು ಒಂದೇ ರೋಗ, ಆ ರೋಗಕ್ಕೆ ಒಂದೇ ಕಾರಣ. ಅಣ್ಣ ಬಸ್ಸಿಳಿದು ಮನೆ ಸೇರುವುದರೊಳಗೆ ತೀರ್ಪು ಹೊರಬಿದ್ದಿತ್ತು: ಕದ್ದು ಕುಡಿಯುತ್ತಿದ್ದಾರೆ.

ಅವರು ಒಂದು ಹನಿಯನ್ನೂ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆ, ಮೈಯ ಕೊಬ್ಬು, ಇವುಗಳಿಂದಲೂ ಹೀಗಾಗುತ್ತದೆಂದು ಡಾಕ್ಟರೇ ಹೇಳಿದ್ದರು. ಆದರೆ ಡಾಕ್ಟರು ಇದ್ದದ್ದು ಬಳ್ಳಾರಿಯಲ್ಲಿ, ಬಾಯಿಗಳು ಇದ್ದದ್ದು ಕಂಪ್ಲಿಯಲ್ಲಿ. ಸಾವಿನ ಮಾತೆತ್ತಿದರೆ ನಕ್ಕುಬಿಡುತ್ತಿದ್ದ ಮನುಷ್ಯ ಈ ಒಂದು ಮಾತಿಗೆ ಬೆವರುತ್ತಿದ್ದರು. ಕುಡುಕನೆಂಬ ಹೆಸರು ಹೊತ್ತು ಮಣ್ಣಿಗೆ ಹೋಗಬೇಕಾದೀತು ಎಂಬ ಭಯ ಅವರಿಗೆ.

ಆದ್ದರಿಂದ ಪ್ರತಿ ಗಿರಾಕಿಗೂ ಮಿರ್ಚಿಯ ಜೊತೆ ಲಿವರಿನ ಪಾಠವೂ ಉಚಿತವಾಗಿ ಸಿಗತೊಡಗಿತು.

“ಹೊಳಿ ಬಂದು ಸೇತುವಿ ಮುಳುಗಿದ್ರ ಏನಾಕ್ಕೈತಿ ಹೇಳ್ರಿ ಮೇಷ್ಟ್ರೆ? ಲಾರಿ ಮುಂದಕ್ಕ ಹೋಗಂಗಿಲ್ಲ, ರೈಸ್ ಮಿಲ್ ತನಕ ಸಾಲುಗಟ್ಟಿ ನಿಂದರ್ತಾವು. ನನ್ನ ಲಿವರಿನಾಗ ಸಣ್ಣ ಸಣ್ಣ ರಕ್ತನಾಳ ಹಂಗ ಮುಚ್ಚ್ಯಾವಂತ. ರಕ್ತ ಹಿಂದಕ್ಕ ಒತ್ತತೈತಿ, ನೀರು ಹೊಟ್ಟಿಗೆ ಇಳೀತೈತಿ. ಇದರಾಗ ಬಾಟ್ಲಿ ಎಲ್ಲಿ ಬಂತು?”

“ಸಾಲು ನಿಂತ ಲಾರಿ ಎಲ್ಲಿಗೆ ಹೋಗ್ತಾವು?” ಎಂದು ಕೇಳಿದೆ.

“ಗಲ್ಲಿಗೆ ನುಗ್ತಾವು. ಗಲ್ಲಿ ತಡಕೊಳ್ಳೋ ತನಕ ಚೊಲೊ.” ಬಾಣಲೆಯ ಮಿರ್ಚಿ ತಿರುವಿ ಹಾಕುತ್ತಾ ಹೇಳಿದರು, “ಸೇತುವಿ ಮುಳುಗಿದಾಗೆಲ್ಲ ನಿಂತ ಡ್ರೈವರ್‌ಗಳಿಗೆ ಮಿರ್ಚಿ ಮಾರಿ ಉಂಡೀನಿ. ಈಗ ಸಮ ಆತು ಬಿಡ್ರಿ.”

ಉಪ್ಪು ಬಿಡಬೇಕೆಂದು ಅಪ್ಪಣೆಯಾಗಿತ್ತು. ಮನೆಯಲ್ಲಿ ಸಪ್ಪೆ ಅನ್ನ, ಸಪ್ಪೆ ಸಾರು. ಮಾತ್ರೆಗೆ ಹೊಟ್ಟೆಯ ಬಾವು ಇಳಿಯಿತು. ಇಳಿದದ್ದು ತಿಂಗಳೊಳಗೆ ಮತ್ತೆ ಏರಿತು. “ಮತ್ತ ಶುರು ಮಾಡ್ಯಾನ ನೋಡು” ಎಂದಿತು ಊರು. ನಿಜಸಂಗತಿ ಇಷ್ಟೇ: ದಿನವಿಡೀ ಮೊದಲ ಮಿರ್ಚಿ ಮುರಿದು ತಿನ್ನುವುದನ್ನು ಅಣ್ಣ ಬಿಟ್ಟಿರಲಿಲ್ಲ. ರುಚಿ ನೋಡುವುದು ಊಟವಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಡಾಕ್ಟರು ಗದರಿದ ಮೇಲೆ ನನ್ನನ್ನು ಕರೆದು, ಮಠದ ಅಧಿಕಾರ ಹಸ್ತಾಂತರಿಸುವ ಗಾಂಭೀರ್ಯದಿಂದ ಒಂದು ಮಿರ್ಚಿಯನ್ನು ಕೈಗಿಟ್ಟರು. “ಇನ್ನ ಸಂಜಿ ಉಪ್ಪು ನೀವು ಹೇಳಬೇಕು. ಸುಳ್ಳು ಹೇಳಬ್ಯಾಡ್ರಿ.” ಅಂದಿನಿಂದ ಶಾಲೆ ಬಿಟ್ಟ ಮೇಲೆ ನಾನು ಆ ಬಾಣಲೆಯ ಉಪ್ಪಿನ ಅಧಿಕಾರಿಯಾದೆ. ನಾನು ಅಗಿಯುವಾಗ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು...

ಊರಿನ ಬಾಯಿ ಮಾತ್ರ ಮುಚ್ಚಲಿಲ್ಲ. ಕೊನೆಗೊಂದು ಸಂತೆಯ ದಿನ ಅಣ್ಣ ಸಾಕ್ಷಿಯನ್ನೇ ಕರೆಸಿದರು. ಸಾಕ್ಷಿ ಎಂದರೆ ಎದುರಿನ ಪಂಕ್ಚರ್ ಅಂಗಡಿಯವನು. ಬೀದಿಯ ಅಧಿಕೃತ ಕುಡುಕ. ಕುಡಿತದ ವಿಷಯದಲ್ಲಿ ಅವನಿಗಿಂತ ದೊಡ್ಡ ತಜ್ಞ ಯಾರಿದ್ದಾರೆಂಬುದು ಅಣ್ಣನ ತರ್ಕ.

“ಲೇ, ನಿಂತೋರೆಲ್ಲ ಕೇಳಂಗ ಹೇಳು. ಒಂದರ ದಿನ ನಿನ್ನ ಜೋಡಿ ಕುಡದೀನೇನು?”

“ಎಷ್ಟು ಕರದ್ರೂ ಬರಲಿಲ್ರಿ ಅಣ್ಣಾರು,” ಎಂದನವನು, ಕಂಬ ಹಿಡಿದುಕೊಂಡು. “ಇವರ ಪಾಲಿಂದೂ ನಾನ ಕುಡದು ಭಾಳ ಸುಸ್ತಾಗೀನಿ.”

ಜನ ಬಿದ್ದು ಬಿದ್ದು ನಕ್ಕರು. ಯಾರೋ ಒಬ್ಬರು, “ಜೋಡಿ ಕುಡಿಯಾಂವ ಬಿಟ್ಟುಕೊಡ್ತಾನೇನು?” ಎಂದರು. ಅಲ್ಲಿಗೆ ವದಂತಿಗೆ ಪ್ರತ್ಯಕ್ಷ ಸಾಕ್ಷಿಯೂ ದೊರೆತಂತಾಯಿತು. ಅಣ್ಣ ಮುಖ ತಿರುಗಿಸಿಕೊಂಡು ಎಣ್ಣೆಗೆ ಮೆಣಸಿನಕಾಯಿ ಬಿಡತೊಡಗಿದರು. ಪಂಕ್ಚರಿನವನು ತುಂಬಾ ಹೊತ್ತು ಆ ಕಂಬವನ್ನು ಬಿಡಲಿಲ್ಲ.

ಮಳೆಗಾಲದಲ್ಲಿ ಅವರು ರಕ್ತ ಕಾರಿಕೊಂಡರು. ಅವರದೇ ಮಾತಿನಲ್ಲಿ ಹೇಳುವುದಾದರೆ, ಗಲ್ಲಿಗೆ ನುಗ್ಗಿದ ಲಾರಿ ಗೋಡೆ ಕೆಡವಿತ್ತು. ಆಸ್ಪತ್ರೆಯಿಂದ ದೇಹವೇ ಬಂತು.

ಮರುದಿನ ಅವರನ್ನು ಪದ್ಧತಿಯಂತೆ ಬಾಗಿಲೆದುರು ಕೂರಿಸಿ ವಿಭೂತಿ ಹಚ್ಚಿ ಹೂವು ಹಾಕಿದ್ದರು. ಜನ ಬರುತ್ತಿದ್ದರು, ಕೈಮುಗಿಯುತ್ತಿದ್ದರು, ಪಕ್ಕಕ್ಕೆ ಸರಿದು ಲಿವರಿನ ಮಾತು ತೆಗೆಯುತ್ತಿದ್ದರು. ಅಷ್ಟರಲ್ಲಿ ಪಂಕ್ಚರಿನವನು ಬಂದ. ಮೊದಲಿಗೆ ನನಗೆ ಗುರುತೇ ಸಿಗಲಿಲ್ಲ. ತಲೆಗೆ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟಿದ್ದ. ಕೈ ಮಾತ್ರ ಗಡಗಡ ನಡುಗುತ್ತಿತ್ತು. ಕುಡಿಯದಿದ್ದರೆ ಅವನ ಕೈ ಹಾಗೆ ನಡುಗುತ್ತದೆಂದು ಬೀದಿಗೆಲ್ಲ ಗೊತ್ತಿತ್ತು. ಅಣ್ಣನ ಪಕ್ಕದಲ್ಲಿ ನಿಂತು, ಬಂದವರೊಬ್ಬೊಬ್ಬರ ಮುಖದ ಹತ್ತಿರ ಬಾಯಿ ಒಯ್ದು ಹೇಳುತ್ತಿದ್ದ:

“ವಾಸನಿ ನೋಡ್ರಿ. ನಿನ್ನಿಯಿಂದ ನಾ ಕುಡದಿಲ್ಲ. ಈಗ ಹೇಳ್ತೀನಿ, ನಂಬ್ರಿ. ಅಣ್ಣಾರು ಕುಡೀತಿದ್ದಿಲ್ಲ.”

ಯಾರೂ ನಗಲಿಲ್ಲ. ಮಣ್ಣು ಕೊಡುವವರೆಗೂ ಅವನು ಅಣ್ಣನ ಪಕ್ಕ ಬಿಟ್ಟು ಕದಲಲಿಲ್ಲ. ಆ ಸಂಜೆ ಮತ್ತೆ ಕುಡಿದು ಬಿದ್ದಿದ್ದ. ಆದರೆ ಅದರ ನಂತರ ಅಣ್ಣನ ಲಿವರಿನ ಬಗ್ಗೆ ನಮ್ಮ ಬೀದಿಯಲ್ಲಿ ಯಾರೂ ಬಾಯಿ ತೆರೆದದ್ದನ್ನು ನಾನು ಕೇಳಲಿಲ್ಲ.

ನಾನೀಗ ಹೊಸಪೇಟೆಯಲ್ಲಿದ್ದೇನೆ. ಆ ಬಾಣಲೆಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಪಂಕ್ಚರಿನವನೂ ಇಲ್ಲ...

“ಮಿರ್ಚಿ ಹೆಂಗೈತ್ರಿ ಸಾರ್?” ಎಂದು ಕಡ್ಡಿರಾಂಪುರದ ಹೋಟೆಲಿನಾಕೆ ಕೇಳಿದಳು. ಚೆನ್ನಾಗಿದೆ ಎಂದು ಸೌಜನ್ಯಕ್ಕೆ ಹೇಳಬಹುದಿತ್ತು.

“ಉಪ್ಪಿಲ್ಲಮ್ಮ,” ಎಂದೆ. ಆಕೆ ಉಪ್ಪಿನ ಬಟ್ಟಲು ತಂದಿಟ್ಟಳು. ಮುಟ್ಟಲು ಮನಸ್ಸಾಗದೆ, ಉಳಿದದ್ದನ್ನು ಸಪ್ಪೆಯಾಗಿಯೇ ತಿಂದೆ.