ಹಿತ್ತಿಲಿಗೆ ಬಂದ ಕಾಡುಪಾಪ

ನಾನು ಚಾಚಿದ ಬೆರಳನ್ನು ಅದು ಪುಟ್ಟ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿತು. ತೊಂಬತ್ತರ ದಶಕದ ಒಂದು ಬೆಳಗ್ಗೆ, ಮಲ್ಲೇಶ್ವರದ ನಮ್ಮ ಮನೆಯ ಹಿತ್ತಿಲಲ್ಲಿ, ಮಾವಿನ ಮರದ ಬುಡದಲ್ಲಿ ಬಿದ್ದಿದ್ದ ಕಾಡುಪಾಪದ ಮರಿ ಅದು; ರಾತ್ರಿ ಮರಗಳ ಮೇಲೆ ಓಡಾಡುವ ಪುಟ್ಟ ಪ್ರಾಣಿ. ಮುಖದ ತುಂಬ ಕಣ್ಣೇ. ಬೆಕ್ಕು ಕಚ್ಚಿ ಹಿಂಗಾಲು ಹರಿದಿತ್ತು.

ನಾನೂ ನನ್ನವರೂ ಅದನ್ನು ಬುಟ್ಟಿಯಲ್ಲಿಟ್ಟು ಪಶುವೈದ್ಯೆಯ ಬಳಿಗೆ ಒಯ್ದೆವು. ಆಕೆ ಹೊಲಿಗೆ ಹಾಕಿ, ಅರಣ್ಯ ಇಲಾಖೆಯವರನ್ನೂ ಕೇಳಿ, ವಾಸಿಯಾಗುವವರೆಗೆ ನಮ್ಮಲ್ಲೇ ಇರಲಿ ಎಂದರು.

"ಮುದ್ದು ಮಾತ್ರ ಮಾಡ್ಬೇಡೀಮ್ಮ. ನಿಮ್ಮನ್ನ ಹಚ್ಕೊಂಡ್ರೆ ಮತ್ತೆ ಮರದ ಮೇಲೆ ಬದುಕಲ್ಲ ಅದು."

ನಮಗೆ ಮಕ್ಕಳಿರಲಿಲ್ಲ. ಹಿಂದಿನ ಕೋಣೆಗೆ ಪರದೆ ಎಳೆದು, ಕೊಂಬೆಗಳನ್ನು ಕಟ್ಟಿ, ಸಂಜೆಯಾಗುತ್ತಲೇ ಮಿಡತೆ ಹಿಡಿದು ತಂದು ಬಿಡುತ್ತಿದ್ದೆವು. ಎತ್ತಿಕೊಳ್ಳಲು ಜೀವ ತುಡಿಯುತ್ತಿತ್ತು. ಕೈಗೆ ಸೆರಗು ಸುತ್ತಿಕೊಂಡು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಬರಬರುತ್ತ ಅದು ನನ್ನನ್ನು ಕಂಡರೆ ಎಲೆಗಳ ಹಿಂದೆ ಅವಿತುಕೊಳ್ಳತೊಡಗಿತು. ಇನ್ನು ಬಿಡಬಹುದು ಎಂದು ವೈದ್ಯೆ ಖುಷಿಪಟ್ಟರು. ನಾನೂ ನಕ್ಕೆ.

ಮರುಸಂಜೆ ಅವರೇ ಬಂದು ಮಾವಿನ ಮರದಡಿ ಬುಟ್ಟಿಯ ಮುಚ್ಚಳ ತೆಗೆದರು. ಮರಿ ಕೊಂಬೆಯನ್ನು ಹಿಡಿದು, ಗಾಯವಾಗಿದ್ದ ಕಾಲನ್ನೂ ಊರಿ, ನಿಧಾನವಾಗಿ ಮೇಲೇರಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಎಲ್ಲೋ ಎತ್ತರದಿಂದ ಸಣ್ಣ ಸಿಳ್ಳೆ ಕೇಳಿಸಿತು.

"ಅವರಮ್ಮ ಕರೀತಿರ್ಬೇಕು ಕಣೇ," ಎಂದರು ನನ್ನವರು.

ಆ ಸಿಳ್ಳೆ ಮತ್ತೆ ಎಂದೂ ಕೇಳಿಸಲಿಲ್ಲ. ಆದರೂ ಎಷ್ಟೋ ವರ್ಷ, ದೇವರಿಗೆ ದೀಪ ಹಚ್ಚಿದ ಮೇಲೆ ನಾವಿಬ್ಬರೂ ರೇಡಿಯೊ ನಿಲ್ಲಿಸಿ ಹಿತ್ತಿಲ ಮೆಟ್ಟಿಲ ಮೇಲೆ ಮಾವಿನ ಮರದತ್ತ ಕಿವಿಗೊಟ್ಟು ಕೂರುತ್ತಿದ್ದೆವು.