ರೈಲಿಲ್ಲದ ಭಾನುವಾರಗಳು

ಗರಾಜು ಗುಡಿಸುತ್ತಿದ್ದೆ. ಮೂಲೆಯಲ್ಲಿ ಒಂದು ಮೊಸರಿನ ಬಕೆಟ್ಟು ಸಿಕ್ಕಿತು, ಟೈರಿನ ಕೆಳಗೆ ಬಿದ್ದು ರೊಟ್ಟಿಯಂತೆ ಚಪ್ಪಟೆಯಾದದ್ದು. ಈ ದೇಶದಲ್ಲಿ ಮೊಸರು ಮುಗಿದ ಮೇಲೆ ಬಕೆಟ್ಟು ಎಸೆಯುವ ಕನ್ನಡಿಗರನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದರೆ ಹೇಳಿ. ಆದರೆ ಚಪ್ಪಟೆಯಾದದ್ದನ್ನೂ ಜೋಪಾನ ಮಾಡುವವಳು ನಾನೊಬ್ಬಳೇ ಇರಬೇಕು. ಅದನ್ನು ಕೈಯಲ್ಲಿ ಹಿಡಿದು ನಗುತ್ತ ನಿಂತೆ.

ಆ ಬಕೆಟ್ಟು ಚಪ್ಪಟೆಯಾದ ಕಾಲಕ್ಕೆ ನಮ್ಮೂರು ಮಿಲ್ಟನ್ನಿನ ರೈಲ್ವೆ ಸ್ಟೇಷನ್ನಿಗೆ ವಾರಕ್ಕೆ ಐದೇ ದಿನ ಜೀವ. ಬೆಳಗ್ಗೆ ಟೊರಾಂಟೊಗೆ ಹೋಗುವ ರೈಲುಗಳು, ಸಂಜೆ ಬರುವ ರೈಲುಗಳು, ಅಷ್ಟೇ. ಆ ಐದು ದಿನ ಅಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ಜಾಗ ಹಿಡಿಯಲು ನಾವೆಲ್ಲ ಅರ್ಧ ಬಾಚಿದ ತಲೆಯಲ್ಲೇ ಓಡುತ್ತಿದ್ದೆವು. ಭಾನುವಾರ ಮಾತ್ರ ಒಂದು ನರಪಿಳ್ಳೆಯೂ ಇಲ್ಲ. ಮೈದಾನದಷ್ಟು ದೊಡ್ಡ ಲಾಟು, ಬಿಳಿ ಗೆರೆಗಳು, ಒಂದಷ್ಟು ಸೀಗಲ್ ಹಕ್ಕಿಗಳು. ಡ್ರೈವಿಂಗ್ ಕಲಿಯುವವರಿಗೆ ಇನ್ನೇನು ಬೇಕು?

ಜಲಜಕ್ಕ ನಮ್ಮ ಪಕ್ಕದ ಮನೆಯವರು. ಮಲ್ಪೆಯ ಕಡೆಯವರು, ಮನೆಯಲ್ಲಿ ತುಳು, ನನ್ನೊಂದಿಗೆ ಕನ್ನಡ. ವಯಸ್ಸು ಐವತ್ತು ದಾಟಿತ್ತು. ಇದ್ದದ್ದು ಒಂದೇ ಆಸೆ: ತಾವೊಬ್ಬರೇ ಕಾರು ಓಡಿಸಿಕೊಂಡು ಹೋಗಿ ಲೇಕ್ ಒಂಟಾರಿಯೊ ನೋಡುವುದು. "ಉಪ್ಪಿಲ್ಲ ಅಷ್ಟೆ, ಉಳಿದದ್ದೆಲ್ಲ ಸಮುದ್ರವೇ," ಎನ್ನುತ್ತಿದ್ದರು. ಗಂಡ ಸದಾನಂದಣ್ಣ ಒಳ್ಳೆಯವರೇ. ಆದರೆ ವಾರವಿಡೀ ರೈಲಿನಲ್ಲಿ ಓಡಾಡಿದವರಿಗೆ ಭಾನುವಾರ ಸೋಫಾ ಬಿಟ್ಟೇಳಲು ಮನಸ್ಸಾಗುತ್ತಿರಲಿಲ್ಲ. ಕರೆದುಕೊಂಡು ಹೋದರೂ ಕಾಲೂರುವ ಮೊದಲೇ "ನೋಡಿ ಆಯ್ತಲ್ಲ, ಹೋಗುವನಾ?" ಎನ್ನುತ್ತಿದ್ದರಂತೆ. ಹೆಂಡತಿಗೆ ಡ್ರೈವಿಂಗ್ ಕಲಿಸಲು ಹೋಗಿ ಇಬ್ಬರೂ ಮಾತು ಬಿಟ್ಟ ಮೇಲೆ, ಕಲಿಯುವವರ ಪಕ್ಕ ಕೂರಲು ಬೇಕಾದಷ್ಟು ಹಳೆಯ ಲೈಸೆನ್ಸು ಇದ್ದ ತಪ್ಪಿಗೆ ಗುರುವಿನ ಪಟ್ಟ ನನಗೆ ಬಂತು.

ಮೊಸರಿನ ಬಕೆಟ್ಟುಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಕಾರು ನಿಲ್ಲಿಸುವುದನ್ನು ಕಲಿಸಿದೆ. ಎಷ್ಟೋ ಬಕೆಟ್ಟುಗಳು ವೀರಮರಣವನ್ನಪ್ಪಿದವು. ಅದಕ್ಕಿಂತ ದೊಡ್ಡ ತಲೆನೋವು ಹಾರ್ನು. ಆ ಖಾಲಿ ಲಾಟಿನಲ್ಲೂ ಪ್ರತಿ ತಿರುವಿಗೆ ಜಲಜಕ್ಕ ಪೀಂ ಎನ್ನಿಸುವರು.

"ಜಲಜಕ್ಕಾ, ಯಾರಿಗ್ರೀ ಹಾರ್ನು? ಇಲ್ಲಿ ಹಾರ್ನ್ ಹೊಡದ್ರ ಬೈದಂಗ," ಎಂದು ನನ್ನ ಧಾರವಾಡದ ದನಿ ಏರಿಸುತ್ತಿದ್ದೆ.

"ಎಂತ ಮಾರಾಯ್ತಿ, ತಿರುವಿನಲ್ಲಿ ಹೇಳದೆ ಹೋಗುವುದಾ? ಆಚೆಯಿಂದ ಬರುವವರಿಗೆ ಗೊತ್ತಾಗುವುದು ಬೇಡ್ವಾ?"

ಮೊದಲ ರೋಡ್ ಟೆಸ್ಟಿನಲ್ಲಿ ಅವರು ಪ್ರತಿ ತಿರುವಿನಲ್ಲೂ ಹೀಗೆ ಮರ್ಯಾದೆಯಿಂದ ಹೇಳಿಯೇ ಹೋದರು. ಫೇಲಾದರು. ಆ ಸಂಜೆ ನೀರುದೋಸೆ ಎರೆಯುತ್ತಲೇ ಇದ್ದರು, ತಿನ್ನುವವರು ಯಾರೂ ಇರಲಿಲ್ಲ. ನನಗೆ ಅಳುವೇ ಬಂತು. ಮುಂದಿನ ಭಾನುವಾರ ನಾನು ಏಳುವ ಮೊದಲೇ ಬಕೆಟ್ಟುಗಳನ್ನು ಹೊತ್ತು ನನ್ನ ಬಾಗಿಲಲ್ಲಿ ನಿಂತಿದ್ದರು. ಎರಡನೆಯ ಸಲ ಪಾಸು.

ಪಾಸಾದ ಮರುದಿನ ಸದಾನಂದಣ್ಣನನ್ನೂ ನನ್ನನ್ನೂ ಬೆಳಗಿನ ರೈಲಿಗೆ ಬಿಟ್ಟು ಜಲಜಕ್ಕ ಲೇಕಿಗೆ ಹೋದರು. ಸಂಜೆ ನಾವು ರೈಲಿಳಿದರೆ ಅವರ ಕಾರಿಲ್ಲ. ಫೋನೂ ಎತ್ತುತ್ತಿಲ್ಲ. ಲಾಟು ಬರಿದಾಗುತ್ತಿದ್ದಂತೆ ಸದಾನಂದಣ್ಣನ ಮುಖ ಸಣ್ಣದಾಗುತ್ತ ಬಂತು. ಕೊನೆಗೂ ಕಾರು ಬಂತು. ಜಲಜಕ್ಕನ ಚೂಡಿದಾರ ಮೊಣಕಾಲವರೆಗೆ ಒದ್ದೆ, ಮ್ಯಾಟಿನ ಮೇಲೆಲ್ಲ ಮರಳು, ಮುಖದಲ್ಲಿ ಹಿಡಿಸಲಾರದಷ್ಟು ಖುಷಿ. ಬೈಯಲು ಬಾಯಿ ತೆರೆದ ಸದಾನಂದಣ್ಣ ಆ ಮುಖ ನೋಡಿ ತಮ್ಮ ಬ್ಯಾಗನ್ನು ಹಿಂದಿನ ಸೀಟಿಗೆ ಹಾಕಿದರು. ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿಗೆ ಹೋದವರು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತರು.

"ನಾಳೆ ನಾನೂ ರಜೆ ಹಾಕ್ಲಾ? ಒಟ್ಟಿಗೆ ಹೋಗುವ."

"ನಾಳೆ ಬೇಡ. ನಾಳೆಯೂ ನಾನೊಬ್ಬಳೇ. ನಾಡಿದ್ದು ನೋಡುವ."

ಹಿಂದಿನ ಸೀಟಿನಲ್ಲಿದ್ದ ನಾನು ನಗು ತಡೆಯಲಾರದೆ ಕಿಟಕಿಯತ್ತ ತಿರುಗಿದೆ.

ಇದನ್ನೆಲ್ಲ ನೆನೆಯುತ್ತ ನಿಂತವಳಿಗೆ ಒಂದು ವಿಷಯ ಹೊಳೆಯಿತು. ಸ್ಟೇಷನ್ನು, ದಿನಸಿ, ಮಗನ ಕ್ಲಾಸು, ಡೆಂಟಿಸ್ಟು ಎಂಬ ಕಾರಣವಿಲ್ಲದೆ ನಾನು ಕಾರು ಹೊರಗೆ ತೆಗೆದದ್ದೇ ಇಲ್ಲ, ಗುರುವಂತೆ ಗುರು! ಪೊರಕೆಯನ್ನು ಗೋಡೆಗೊರಗಿಸಿ ಕಾರು ಸ್ಟಾರ್ಟ್ ಮಾಡಿದೆ. ಸದ್ದಿಗೆ ಮಗ ಬಾಗಿಲಿಗೆ ಬಂದ.

"ಅಮ್ಮಾ, ವೇರ್ ಆರ್ ಯು ಗೋಯಿಂಗ್?"

"ಲೇಕಿಗೆ."

"ವಾಟ್ ಫಾರ್?"

"ಸುಮ್ನ," ಎಂದು ಹೊರಟೆ.